ಮಾಯೆಯ ಕಥೆಯೂ ಮತಶ್ರದ್ಧೆಯ ಆಕ್ಷೇಪವೂ

ಮಕ್ಕಳ ಕೈಯಲ್ಲಿರುವ ಕಥೆಪುಸ್ತಕವನ್ನು ಮತಶ್ರದ್ಧೆಯ ಹೆಸರಿನಲ್ಲಿ ಕಸಿದುಕೊಳ್ಳಬಹುದೇ ಎಂಬುದು ಉಪಾಧ್ಯಾಯರಾದ ನಾವು ವಿಚಾರಮಾಡಬೇಕಾದ ಪ್ರಶ್ನೆ. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿಗಳು 1997ರಿಂದ 2007ರವರೆಗೆ ಏಳು ಸಂಪುಟಗಳಾಗಿ ಹೊರಬಂದುವು. ಇವು ಮಾಟವನ್ನು ಬೋಧಿಸುತ್ತವೆಂದು ಅಮೆರಿಕದ ಕೆಲವು ಕ್ರೈಸ್ತ ಪಂಗಡಗಳು ವಿರೋಧಿಸಿದುವು. 2001ರ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೋ ಊರಿನ ಒಂದು ಚರ್ಚಿನವರು ಇವನ್ನು ಬೆಂಕಿಗೆ ಹಾಕಿದರು. ಅಮೆರಿಕನ್ ಗ್ರಂಥಾಲಯ ಸಂಘದ 2000–2009ರ ಆಕ್ಷೇಪಿತ ಗ್ರಂಥಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇವಕ್ಕೇ ಸಂದಿತು.

ಆಕ್ಷೇಪವನ್ನು ನಕ್ಕು ತಳ್ಳಿಬಿಡುವುದು ವಿಮರ್ಶೆಯಲ್ಲ. ಬೈಬಲ್ಲು ಮಾಟಮಂತ್ರವನ್ನು ನಿಷೇಧಿಸಿದೆ. ಅದನ್ನು ನಂಬಿ ನಡೆಯುವ ತಂದೆತಾಯಿಗಳ ಅಂಜಿಕೆ ಸಹಜವೇ. ಕಥೆಯು ಅವಿಧೇಯತೆಯನ್ನು ಕಲಿಸುತ್ತದೆಂಬ ದೂರಿನಲ್ಲಿಯೂ ತುಸು ಹುರುಳಿದೆ. ಮೊದಲ ಸಂಪುಟದಲ್ಲಿ ಉಪಾಧ್ಯಾಯಿನಿಯ ಮಾತು ಮೀರಿ ಪೊರಕೆಯೇರಿ ಹಾರಿದ ಹುಡುಗನಿಗೆ ದಂಡನೆಯ ಬದಲು ಆಟದ ತಂಡದಲ್ಲಿ ಸ್ಥಾನ ದೊರೆಯುತ್ತದೆ. ಶಾಲೆ ನಡೆಸುವ ನಮಗಿದು ರುಚಿಸದು. ಆದರೆ ಅವನು ಹಾರಿದ್ದು ಮೆತ್ತನೆಯ ಸಹಪಾಠಿಯೊಬ್ಬನ ವಸ್ತುವನ್ನು ಬಿಡಿಸಿಕೊಡಲೆಂದು. ಇದನ್ನು ಮರೆಮಾಡಿ ತೀರ್ಪು ಹೇಳುವುದೂ ನ್ಯಾಯವಲ್ಲ.

ಇನ್ನು ಮಾಟದ ಮಾತು. ಈ ಕೃತಿಯಲ್ಲಿ ಮಂತ್ರವಿದ್ಯೆಯೆಂಬುದು ಪಾಠ, ಪರೀಕ್ಷೆಗಳಿರುವ ಒಂದು ಶಾಲಾವಿಷಯ. ನಿಜವಾದ ಪಾಪ ಬೇರೆಡೆಯಿದೆ: ಸಾವಿಗೆ ಹೆದರಿ, ಕೊಲೆಗಳಿಂದ ತನ್ನ ಆತ್ಮವನ್ನೇ ಒಡೆದುಕೊಳ್ಳುವ ಖಳನಲ್ಲಿ. ಅವನನ್ನು ಮೊದಲು ತಡೆದುದು ಮಗುವಿಗಾಗಿ ಪ್ರಾಣವಿತ್ತ ತಾಯಿಯ ತ್ಯಾಗ. ಏಳನೆಯ ಸಂಪುಟದಲ್ಲಿ ಎರಡು ಸಮಾಧಿಗಳ ಮೇಲೆ ಬೈಬಲ್ಲಿನ ವಾಕ್ಯಗಳನ್ನೇ ಕೆತ್ತಲಾಗಿದೆ. ಹೊದಿಕೆಯನ್ನು ಕಂಡು ಅಂಜಿದವರಿಗೆ ಈ ಪುಟ ಕಾಣದು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ರಾಮಾಯಣದಲ್ಲಿ ಮಾರೀಚನು ಹೊನ್ನಜಿಂಕೆಯಾಗುವುದನ್ನು ನೋಡಿದ ನಮ್ಮ ಗಡಿನಾಡಿನ ಮಕ್ಕಳು ಮಾಯಾವಿಗಳಾಗಲು ಹೊರಟಿಲ್ಲ; ಹೊಳಪಿಗೆ ಮರುಳಾಗಬಾರದೆಂಬ ಎಚ್ಚರವನ್ನೇ ಮನೆಗೊಯ್ದಿದ್ದಾರೆ.

ಅರ್ಕಾನ್ಸಾಸಿನ ಸೀಡರ್‌ವಿಲ್ ಶಾಲಾಮಂಡಳಿಯ ಪ್ರಕರಣವು ಉಪಾಧ್ಯಾಯರಿಗೆ ಮುಖ್ಯವಾದುದು. ಗ್ರಂಥಾಲಯ ಸಮಿತಿಯು ನಿರ್ಬಂಧ ಬೇಡವೆಂದರೂ, 2002ರಲ್ಲಿ ಮಂಡಳಿಯು 3–2 ಮತಗಳಿಂದ, ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಈ ಪುಸ್ತಕಗಳನ್ನು ಕೊಡಕೂಡದೆಂದು ನಿರ್ಣಯಿಸಿತು. 2003ರ ಏಪ್ರಿಲಿನಲ್ಲಿ ಫೆಡರಲ್ ನ್ಯಾಯಾಲಯವು ಅದನ್ನು ರದ್ದುಮಾಡಿತು. ಮೊಕದ್ದಮೆ ಹೂಡಿದವರ ಮಗಳಿಗೆ ಮನೆಯ ಒಪ್ಪಿಗೆ ಇದ್ದೇ ಇತ್ತು. ಆದರೂ ಚೀಟಿ ಹಿಡಿದು ಕೇಳಬೇಕಾದ ಪುಸ್ತಕ ಕೆಟ್ಟದೆಂಬ ಕಳಂಕವು ಓದುವವಳಿಗೂ ತಗಲುತ್ತದೆಂಬುದನ್ನು ನ್ಯಾಯಾಲಯ ಮನಗಂಡಿತು.

ತನ್ನ ಮಗುವಿಗೆ ಯಾವ ಓದು ತಕ್ಕುದೆಂದು ಆರಿಸುವ ಹಕ್ಕು ತಂದೆತಾಯಿಗಿದೆ, ಅದನ್ನು ನಾವು ಗೌರವಿಸುತ್ತೇವೆ. ನೆರೆಮನೆಯ ಮಗುವಿಗೂ ಅದನ್ನೇ ವಿಧಿಸುವ ಹಕ್ಕು ಯಾವ ಸಮುದಾಯಕ್ಕೂ ಇಲ್ಲ. ಇಂಥ ದೂರು ನಮ್ಮ ಶಾಲೆಯ ಬಾಗಿಲಿಗೆ ಬಂದರೆ, ದೂರು ತಂದವರನ್ನು ಕೂರಿಸಿ, ಪುಸ್ತಕವನ್ನು ಕೈಗೆ ಕೊಟ್ಟು, ಯಾವ ಪುಟ ಎಂದು ಕೇಳೋಣ. ಆ ಪುಟವನ್ನು ನಾವೂ ಓದಿರಬೇಕು.