ಕಾಕಾನ ಕಾಂಟೆಸಾ

1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಂದ ಕಾಂಟೆಸಾದ ಉದ್ದನೆಯ ಬಾನೆಟ್ ಕೆಳಗೆ ಮೊದಲು ಇದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಸುಮಾರು 50 ಅಶ್ವಶಕ್ತಿ. ಅಂಥ ಭರ್ಜರಿ ಮೈಗೆ ಸಾಲದು. ಮುಂದೆ ಕಂಪನಿಯೇ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರ್ ಕೊಟ್ಟಿತು. ಕಾಕಾ ತಮ್ಮ ಹಳೇ ಗಾಡಿಗೆ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರ ಕೈಲಿ ಅದನ್ನೇ ಕೂರಿಸಿದರು. ಅರ್ಧಕ್ಕೆ ನಿಂತ ಗಾಡಿಯ ಉಳಿದ ಕೆಲಸ ಈಗ ನನ್ನ ಪಾಲಿಗೆ ಬಂದಿದೆ.

ಆ ಮಿಸ್ತ್ರಿಯ ಕೈಕೆಲಸ ಗೊತ್ತಾಗುವುದು ಗಾಡಿಯ ಕೆಳಗೆ ಮಲಗಿದಾಗಲೇ. ಮೌಂಟಿಂಗ್ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಗೆರೆ, ಪಳಗಿದ ಕೈ ಬಡಿದ ಜೋಳದ ರೊಟ್ಟಿಯ ಅಂಚಿನಂತೆ, ಎಲ್ಲೂ ಉಬ್ಬಿಲ್ಲ, ಬಿರಿದಿಲ್ಲ. ಗೇರ್‌ಬಾಕ್ಸ್ ಬದಲಾದ ಮೇಲೆ ಪ್ರೊಪೆಲ್ಲರ್ ಶಾಫ್ಟಿನ ಅಳತೆಯೂ ಬದಲಾಗಬೇಕು. ಕೂದಲೆಳೆಯಷ್ಟು ವಾಲಿದರೂ ವೇಗ ಏರಿದಾಗ ಕಾಲಡಿಯ ತಗಡು ನಡುಗುತ್ತದೆ. ಇಲ್ಲಿ ನಡುಕವೇ ಇಲ್ಲ. “ತಮ್ಮಾ, ಗೇರ್ ಕೋಲಿನ ಮ್ಯಾಲ ಬೆರಳಿಟ್ಟು ನೋಡು” ಎಂದರು ಮಿಸ್ತ್ರಿ. ಎಂಜಿನ್ ತಿರುಗುತ್ತಿತ್ತು, ಬೆರಳಿಗೆ ಅದರ ಸುಳಿವೇ ಹತ್ತಲಿಲ್ಲ! ಎಷ್ಟು ಹೊಗಳಿದರೂ ಕಡಿಮೆಯೇ.

ಉಳಿದದ್ದು ದೀಪಗಳ ವೈರಿಂಗ್, ಸೀಟು, ಮತ್ತು ಹೊಸ ಎಂಜಿನ್ ನಂಬರನ್ನು ಆರ್‌ಟಿಓದಲ್ಲಿ ಆರ್‌ಸಿಗೆ ಏರಿಸುವುದು. ನಿಮ್ಮ ಮನೆಯಲ್ಲೂ ಎಂಜಿನ್ ಬದಲಿಸಿದ ಗಾಡಿಯಿದ್ದರೆ ಈ ಕೊನೆಯದನ್ನು ಮಾತ್ರ ಬಿಡಬೇಡಿ.