ಜಿದ್ದು ಬೇಕಾದಷ್ಟಿದೆ, ಬೆಂಚ್ ಎಲ್ಲಿದೆ?

ಕಬಡ್ಡಿ ತಂಡದಲ್ಲಿ ಎಷ್ಟು ಜನ ಅಂತ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಮಂದಿ ಏಳು ಅಂತಾರೆ. ನಿಯಮದ ಪ್ರಕಾರ ತಂಡ ಅಂದ್ರೆ ಹನ್ನೆರಡು: ಅಂಕಣದೊಳಗೆ ಏಳು, ಹೊರಗೆ ಐದು. ಯಾದಗಿರಿ, ಶಹಾಪುರ, ಸುರಪುರ ಕಡೆ ನಡೆಯೋ ಟೂರ್ನಮೆಂಟುಗಳ ಮೇಲೆ ನನ್ನ ತಕರಾರು ಇರೋದು ಹೊರಗಿನ ಆ ಐದು ಜನರ ವಿಷಯದಲ್ಲಿ. ಬಹಳ ಸಲ ಅಲ್ಲಿ ಕೂರೋಕೆ ಯಾರೂ ಇರೋದಿಲ್ಲ.

ಮೊದಲು ಹೊಗಳಬೇಕಾದದ್ದನ್ನು ಹೊಗಳಿಬಿಡೋಣ. ನೋಡೋ ಮಜಾದ ವಿಷಯದಲ್ಲಿ ನಮ್ಮ ಕಡೆಯ ರಾತ್ರಿ ಕಬಡ್ಡಿಗೆ ಸಾಟಿ ಇಲ್ಲ. ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದು ಸಿದ್ಧ ಮಾಡಿದ ಅಂಕಣ. ಸುತ್ತ ನಿಂತ ಟ್ರ್ಯಾಕ್ಟರ್ ಟ್ರಾಲಿಗಳೇ ಗ್ಯಾಲರಿ. ಮೈಕ್ ಹಿಡಿದವನು ಒಂದೇ ಉಸಿರಿನಲ್ಲಿ ದೇಣಿಗೆ ಕೊಟ್ಟವರ ಹೆಸರನ್ನೂ ರೈಡರ್ ಹೆಸರನ್ನೂ ಹೇಳ್ತಿರ್ತಾನೆ. ಜಿದ್ದಿಗಂತೂ ಕೊರತೆಯೇ ಇಲ್ಲ. ಸುರಪುರದವರಿಗೆ ಸಂಸ್ಥಾನದ ಗತ್ತು. 1858ರಲ್ಲಿ ಇಂಗ್ಲಿಷರ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ಊರು ಅದು. ಶಹಾಪುರದವರಿಗೆ ಕಾಲುವೆ ನೀರಿನ, ಹತ್ತಿ ಬೆಳೆಯ ಬಲ. ಯಾದಗಿರಿಯವರಿಗೆ ರೈಲ್ವೆ ಸ್ಟೇಷನ್ನು ಮೊದಲೇ ಇತ್ತು, ಜಿಲ್ಲಾ ಕೇಂದ್ರ ಅನ್ನೋ ಪಟ್ಟ ಆಮೇಲೆ ಸಿಕ್ತು. 2009-10ರವರೆಗೂ ಈ ಮೂರೂ ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿದ್ದವು, ಕೂಡಿಯೇ ಗುಲಬರ್ಗಾದವರನ್ನು ಬೈತಿದ್ದವು. ಬೇರೆ ಜಿಲ್ಲೆ ಆದ ಮೇಲೆ ಬೈಯೋಕೆ ತಮ್ಮ ತಮ್ಮಲ್ಲೇ ಆರಿಸಿಕೊಳ್ಳಬೇಕಾಯ್ತು!

ಇಂಥ ಜಿದ್ದು ಹಾಳಾಗ್ತಿರೋದು ಗೆಸ್ಟ್ ಪ್ಲೇಯರ್‌ಗಳಿಂದ. ಮೊದಲ ಬಹುಮಾನದ ಮೊತ್ತ ಏರಿದ ಹಾಗೆ ಊರಿನ ತಂಡಗಳು ದುಡ್ಡು ಕೊಟ್ಟು ಹೊರಗಿನಿಂದ ಆಟಗಾರರನ್ನು ಕರೆಸೋದು ಜಾಸ್ತಿಯಾಗಿದೆ. ಜರ್ಸಿ ಮೇಲೆ ಊರಿನ ಹೆಸರು, ಜರ್ಸಿ ಒಳಗೆ ಇನ್ಯಾವುದೋ ಜಿಲ್ಲೆಯ ಹುಡುಗ. ಆಟದ ಮುಂಚೆ ಜನ ಕೇಳೋ ಪ್ರಶ್ನೆ ಕೂಡ ಬದಲಾಗಿದೆ: "ಆ ರೈಡರ್ ಬಂದಾನೇನು?" ಬಂದಿಲ್ಲ ಅಂದ್ರೆ, "ಹಂಗಾದ್ರ ನಡೀರಿ ಮನಿಗೆ." ಎರಡೂ ಕಡೆ ಬಾಡಿಗೆ ಬಲವೇ ಆದಾಗ ಗೆದ್ದದ್ದು ಶಹಾಪುರವೋ ಸುರಪುರವೋ, ಅಥವಾ ಹೆಚ್ಚು ದೇಣಿಗೆ ಎತ್ತಿದ ಕಮಿಟಿಯೋ?

ಇದು ಬರೀ ಅಭಿಮಾನದ ಪ್ರಶ್ನೆ ಅಲ್ಲ, ಆಟದ ಲೆಕ್ಕವೂ ಹೌದು. ಕಬಡ್ಡಿಯಲ್ಲಿ ಔಟಾದವನು ತಾನಾಗಿ ಒಳಗೆ ಬರೋ ಹಾಗಿಲ್ಲ. ಉಳಿದವರು ಎದುರಾಳಿಯನ್ನು ಔಟ್ ಮಾಡಬೇಕು. ಔಟಾದ ಸರದಿಯಂತೆ ಒಬ್ಬೊಬ್ಬರೇ ವಾಪಸ್ ಬರ್ತಾರೆ. ಹಾಗಾಗಿ ತಂಡದ ನಿಜವಾದ ಪರೀಕ್ಷೆ ಶುರುವಾಗೋದೇ ದೊಡ್ಡ ರೈಡರ್ ಹೊರಗೆ ಹೋದ ಕ್ಷಣದಲ್ಲಿ. ಆಗ ಎರಡನೇ ರೈಡರ್ ಬೇಕು, ಮೂರನೆಯವನೂ ಬೇಕು, ಕಾರ್ನರ್ ಮತ್ತು ಕವರ್ ಒಬ್ಬರಿಗೊಬ್ಬರು ಕಣ್ಣಲ್ಲೇ ಮಾತಾಡಿಕೊಂಡು ಹಿಡಿಯುವಂತಿರಬೇಕು. ನಿನ್ನೆ ಬಂದು ಇವತ್ತು ಜರ್ಸಿ ಹಾಕಿದವರ ನಡುವೆ ಅಂಥ ಹೊಂದಾಣಿಕೆ ಹೇಗೆ ಹುಟ್ಟುತ್ತೆ? ಬೋನಸ್ ಅಂಕ ತಂದ್ರೂ ಔಟಾದವರು ಒಳಗೆ ಬರೋದಿಲ್ಲ. ಉಳಿದವರೂ ಔಟಾದ್ರೆ ಲೋನಾ, ಎದುರಾಳಿಗೆ ಇನ್ನೆರಡು ಅಂಕ. ನಮ್ಮ ಆಫೀಸ್ ಭಾಷೆಯಲ್ಲಿ ಇದಕ್ಕೆ 'ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್' ಅಂತಾರೆ. ಒಬ್ಬನೇ ಬಲ್ಲ ಕೋಡ್, ಅವನು ರಜೆ ಹಾಕಿದ ದಿನವೇ ರಿಲೀಸ್.

ಈ ಒಬ್ಬನ ಹುಚ್ಚು ಎಲ್ಲಿಂದ ಬಂತು? ಟೀವಿಯ ಪಾತ್ರ ದೊಡ್ಡದು ಅಂತ ನನ್ನ ಅನಿಸಿಕೆ. 2019ರ ಜನವರಿ 5ರಂದು ಮುಂಬೈಯಲ್ಲಿ ಪ್ರೊ ಕಬಡ್ಡಿ ಫೈನಲ್. ಬೆಂಗಳೂರು ಬುಲ್ಸ್ 38-33ರಿಂದ ಗುಜರಾತನ್ನು ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರದ್ದೇ 22 ಅಂಕ. ಆ ರಾತ್ರಿಯ ನಂತರ ಪ್ರತಿ ಊರಿಗೂ ಒಬ್ಬ ಪವನ್ ಬೇಕಾದ. ಮುಂದಿನ ಕತೆಯನ್ನು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮರು ಸೀಸನ್ನಿನಲ್ಲಿ ಅದೇ ಪವನ್ 346 ರೈಡ್ ಅಂಕ ತಂದ್ರು, ಬುಲ್ಸ್ ಸೆಮಿಫೈನಲ್ ದಾಟಲಿಲ್ಲ. 2024ರಲ್ಲಿ ಪ್ರದೀಪ್ ನರ್ವಾಲ್ ಅವರಂಥ ದೊಡ್ಡ ಹೆಸರನ್ನು ತಂದು ನಾಯಕನನ್ನಾಗಿ ಮಾಡಿದ್ರು. 22 ಪಂದ್ಯಗಳಲ್ಲಿ ಎರಡೇ ಗೆಲುವು, ಹನ್ನೆರಡು ತಂಡಗಳಲ್ಲಿ ಕೊನೇ ಸ್ಥಾನ.

ಅದೇ ವರ್ಷ ಮಾರ್ಚ್ 1ರಂದು, ಯಾದಗಿರಿಗೆ ಬೆಂಗಳೂರಿಗಿಂತ ಹತ್ತಿರ ಇರೋ ಹೈದರಾಬಾದಿನಲ್ಲಿ, ಪುಣೇರಿ ಪಲ್ಟನ್ ಕಪ್ ಗೆದ್ದಿತು. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂಧೆ ರೈಡಿನ ಭಾರ ಹಂಚಿಕೊಂಡಿದ್ರು. ಒಬ್ಬ ಔಟಾದ್ರೆ ಇನ್ನೊಬ್ಬ ತಯಾರು. ಆ ತಂಡದ ಕೋಚ್ ನಮ್ಮವರೇ, ಕನ್ನಡಿಗ ಬಿ.ಸಿ. ರಮೇಶ್. ಪಾಠ ಮನೆಯಲ್ಲೇ ಇತ್ತು, ನಾವು ಹೈಲೈಟ್ಸ್ ಮಾತ್ರ ನೋಡಿದ್ವಿ.

ಇಷ್ಟಕ್ಕೂ ಬೆಂಚ್ ಖಾಲಿ ಇರೋದಕ್ಕೆ ಕಮಿಟಿಯೊಂದನ್ನೇ ದೂರಿದ್ರೆ ಅನ್ಯಾಯ ಆಗುತ್ತೆ. ಬೆಂಚಿನಲ್ಲಿ ಕೂರಬೇಕಾದ ಹುಡುಗರು ಊರಲ್ಲೇ ಇಲ್ಲ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಒಮ್ಮೆ ಹತ್ತಿ ನೋಡಿ: ಎಡ ಕಾರ್ನರು, ಬಲ ಕವರು, ಎರಡನೇ ರೈಡರು ಎಲ್ಲ ಅಲ್ಲೇ ಕೂತಿರ್ತಾರೆ. ಬೆಂಗಳೂರಿನಲ್ಲಿ ನೀವು ಬುಕ್ ಮಾಡಿದ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಕೆಲಸದಲ್ಲಿ ಇರೋರೂ ಅವರೇ. ಕಾಲುವೆ ನೀರು ತಪ್ಪದೆ ಬರೋ ಊರಿನ ತಂಡಕ್ಕೆ ಸಂಜೆ ಪ್ರಾಕ್ಟೀಸಿಗೆ ಹುಡುಗರು ಸಿಗ್ತಾರೆ. ಮಳೆ ನಂಬಿದ ಊರಲ್ಲಿ ತೊಗರಿ ರಾಶಿ ಮುಗಿದದ್ದೇ ತಡ, ತಂಡವೂ ಗುಳೆ ಹೊರಡುತ್ತೆ. ಇಂಥ ಊರು ಗೆಸ್ಟ್ ಪ್ಲೇಯರ್ ತಂದ್ರೆ ಅದು ಬರೀ ಶೋಕಿ ಅಲ್ಲ, ಖಾಲಿ ಜಾಗಕ್ಕೆ ಹಾಕಿದ ತೇಪೆ.

ಇದೇ ಸಂಕಟ ಇನ್ನೊಂದು ಕಡೆ ಇದೆ, ಐರ್ಲೆಂಡಿನಲ್ಲಿ. ಅಲ್ಲಿನ ಗೇಲಿಕ್ ಫುಟ್‌ಬಾಲ್ ಹದಿನೈದು ಜನರ ಆಟ, 1884ರಲ್ಲಿ ಹುಟ್ಟಿದ ಸಂಘ ಅದನ್ನು ನಡೆಸುತ್ತೆ. ಆಡೋರಿಗೆ ಸಂಬಳ ಇಲ್ಲ. ಹುಟ್ಟಿದ ಊರಿನ ಕ್ಲಬ್ಬೇ ಸಾಮಾನ್ಯವಾಗಿ ಕೊನೇವರೆಗೂ ಅವರ ಕ್ಲಬ್. ಹಳ್ಳಿಯ ಹುಡುಗರು ಡಬ್ಲಿನ್ನಿಗೆ, ಲಂಡನ್ನಿಗೆ ಕೆಲಸಕ್ಕೆ ಹೋಗ್ತಾರೆ, ಕ್ಲಬ್ಬಿಗೆ ಜನ ಸಾಲೋದಿಲ್ಲ. ಎಷ್ಟೋ ಮಂದಿ ವಾರಾಂತ್ಯಕ್ಕೆ ಊರಿಗೆ ಬಂದು ಆಡಿ ಹೋಗ್ತಾರೆ. ಕಿರಿಯರ ತಂಡ ಕಟ್ಟೋಕೆ ಸಾಲದಿದ್ರೆ ಪಕ್ಕದೂರಿನ ಎದುರಾಳಿ ಕ್ಲಬ್ಬಿನ ಜೊತೆ ಸೇರಿ ಒಂದು ತಂಡ ಮಾಡ್ತಾರೆ. ಅಭಿಮಾನ ನುಂಗಿಕೊಳ್ಳೋದು ಕಷ್ಟವೇ. ಆದ್ರೂ ಮಕ್ಕಳು ಆಟ ಬಿಡೋದಕ್ಕಿಂತ ಅದು ಮೇಲು ಅಂತ ಅವರು ತೀರ್ಮಾನಿಸಿದ್ದಾರೆ.

ನಮ್ಮಲ್ಲೂ ಅಂಥದ್ದು ಸಾಧ್ಯ, ದೊಡ್ಡ ಸ್ಟೇಡಿಯಂ ಬೇಕಾಗಿಲ್ಲ. ಗೆಸ್ಟ್ ಪ್ಲೇಯರ್ ಎರಡಕ್ಕಿಂತ ಹೆಚ್ಚು ಬೇಡ. ಅವರ ಆಟ ನೋಡಿ ಹುಡುಗರು ಕಲೀತಾರೆ, ಅವರಿಗೂ ನಾಲ್ಕು ಕಾಸು ಸಿಗುತ್ತೆ ಅನ್ನೋ ವಾದ ಸುಳ್ಳಲ್ಲ. ಆದ್ರೆ ಪಕ್ಕದಲ್ಲಿ ಆಡೋ ಊರ ಹುಡುಗನೇ ಇಲ್ಲದಿದ್ರೆ ಕಲಿಯೋರು ಯಾರು? ಎರಡನೆಯದು, ದೊಡ್ಡವರ ತಂಡ ತಂದ ಊರು ಹದಿನೇಳು ವರ್ಷದೊಳಗಿನ ತಂಡವನ್ನೂ ತರಲೇಬೇಕು. ಸಂಜೆ ಅವರ ಪಂದ್ಯ, ರಾತ್ರಿ ಇವರದ್ದು. ಒಂದೇ ಊರಿಂದ ಆಗದಿದ್ರೆ ಎರಡು ಊರು ಸೇರಲಿ. ಮೂರನೆಯದು, ಎಳ್ಳ ಅಮಾವಾಸ್ಯೆ, ಯುಗಾದಿಯ ಆಸುಪಾಸಿನಲ್ಲಿ, ದುಡಿಯೋಕೆ ಹೋದವರು ಊರಿಗೆ ಬಂದಾಗ ಟೂರ್ನಮೆಂಟ್ ಇಡಲಿ.

ಇಷ್ಟು ಮಾಡಿದ್ರೆ ಲಾಭ ಜಿದ್ದಿಗೇ. ಜಿಲ್ಲಾ ತಂಡ ಆರಿಸೋ ದಿನ ಮೂರೂ ಕಡೆಯವರು ಒಂದೇ ಹನ್ನೆರಡಕ್ಕೆ ಬಡಿದಾಡಬೇಕಲ್ಲ. ಸುರಪುರದ ರೈಡರ್ ಔಟಾಗಿ ಹೊರಗೆ ಕೂತಾಗ ಅವನನ್ನು ಒಳಗೆ ಕರೆತರೋದು ಶಹಾಪುರದ ಕಾರ್ನರ್ ಹಿಡಿದ ಒಂದು ಕಾಲು. ಅವತ್ತು ಹೊರಗಿನ ಐದು ಜಾಗಕ್ಕೂ ಜಗಳ ಆಗಬೇಕು. ಅಂಕಣದೊಳಗೆ ಹೋಗೋಕೆ ಜಗಳ ಆಡೋದು ನಮಗೆ ಗೊತ್ತೇ ಇದೆ. ಬೆಂಚಿಗಾಗಿ ಜಗಳ ಶುರುವಾದ ದಿನ ಯಾದಗಿರಿ ಜಿಲ್ಲೆಗೆ ಒಂದು ತಂಡ ಇದೆ ಅನ್ನಬಹುದು.