ಮೊದಲ ಹಾವಿನ ನಂತರ: ಸಾಕುಹಾವಿನ ಆಯ್ಕೆಯ ಮಾನದಂಡಗಳ ಪರಿಶೀಲನೆ

ಉತ್ತರ ಅಮೆರಿಕ ಮತ್ತು ಪಶ್ಚಿಮ ಯುರೋಪಿನಲ್ಲಿ ಮನೆಯೊಳಗೆ ಹಾವು ಸಾಕುವ ಹವ್ಯಾಸ ಕಳೆದ ಕೆಲವು ದಶಕಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ್ದು, ಅದರ ಸುತ್ತ ಕೈಪಿಡಿಗಳು, ತಳಿಗಾರರು, ಸರೀಸೃಪ ಚಿಕಿತ್ಸೆಯಲ್ಲಿ ಪಳಗಿದ ಪಶುವೈದ್ಯರು, ಜರ್ಮನಿಯ ಹಾಮ್ ಪಟ್ಟಣದಲ್ಲಿ ನಡೆಯುವಂಥ ದೊಡ್ಡ ಮಾರಾಟ ಮೇಳಗಳು ಹುಟ್ಟಿಕೊಂಡಿವೆ. ಈ ವಲಯದಲ್ಲಿ ಹೊಸಬರಿಗೆ ಸೂಚಿಸಲಾಗುವ ಹಾವುಗಳು ಬಹುಮಟ್ಟಿಗೆ ಮೂರೇ: ಅಮೆರಿಕದ ಆಗ್ನೇಯ ರಾಜ್ಯಗಳ ಕಾರ್ನ್ ಸ್ನೇಕ್, ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು ಮತ್ತು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್. ಈ ಮೂರರಾಚೆಗೆ ಹೋಗಬಯಸುವವನಿಗೆ ಕೈಪಿಡಿಗಳು ಪ್ರಭೇದಗಳನ್ನು ಮೊದಲ ಹಂತದವು, ನಡುಹಂತದವು, ನುರಿತವರಿಗೆ ಮಾತ್ರ ತಕ್ಕವು ಎಂದು ವಿಂಗಡಿಸಿ ಕೊಡುತ್ತವೆ. ಈ ವಿಂಗಡಣೆ ಉಪಯುಕ್ತವೆಂದು ಮೇಲ್ನೋಟಕ್ಕೆ ಕಂಡರೂ, ಅದು ಅಳೆಯುತ್ತಿರುವುದು ಹೆಚ್ಚಾಗಿ ಕೈಯಲ್ಲಿ ಹಿಡಿಯುವ ಮನುಷ್ಯನ ಅನುಕೂಲವನ್ನು ಮತ್ತು ಮಾರುಕಟ್ಟೆಯ ಲಭ್ಯತೆಯನ್ನು. ಪೆಟ್ಟಿಗೆಯೊಳಗೆ ಇಪ್ಪತ್ತು ಮೂವತ್ತು ವರ್ಷ ಬದುಕಬೇಕಾದ ಪ್ರಾಣಿಯ ಅಗತ್ಯವನ್ನು ಅದು ಅಳೆಯುವುದು ಬಹಳ ಕಡಿಮೆ.

ಬಾಲ್ ಪೈಥಾನ್‌ನ ಉದಾಹರಣೆಯೊಂದೇ ಇದನ್ನು ತೋರಿಸಲು ಸಾಕು. ಹೆದರಿದಾಗ ಕಚ್ಚುವ ಬದಲು ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ನಡುವೆ ಅಡಗಿಸುವ ಇದರ ಸ್ವಭಾವ ಹೊಸಬರಿಗೆ ಧೈರ್ಯ ಕೊಡುತ್ತದೆ ಎಂಬುದು ನಿಜ. ಆದರೆ ಇದೇ ಹಾವು ತಿಂಗಳುಗಟ್ಟಲೆ ಆಹಾರ ಮುಟ್ಟದೆ ಇರುವುದಕ್ಕೂ ಹೆಸರಾದದ್ದು. ಗಾಳಿಯ ತೇವಾಂಶ ಸಾಲದಾದರೆ ಪೊರೆಯನ್ನು ಒಂದೇ ಸಮನೆ ಕಳಚಲಾರದೆ ಚೂರುಚೂರಾಗಿ ಬಿಡುವಂಥದ್ದು. ಅಡಗಲು ಇಕ್ಕಟ್ಟಾದ ಕತ್ತಲ ತಾಣವಿಲ್ಲದಿದ್ದರೆ ಸದಾ ಒತ್ತಡದಲ್ಲಿರುವಂಥದ್ದು. ಇಷ್ಟಾದರೂ ಇದು ಮೊದಲ ಹಂತದ ಹಾವಾದದ್ದಕ್ಕೆ ಕಾರಣ ವ್ಯಾಪಾರದ ಇತಿಹಾಸದಲ್ಲಿದೆ. ಟೋಗೊ, ಬೆನಿನ್, ಘಾನಾ ದೇಶಗಳಲ್ಲಿ ಕಾಡಿನಿಂದ ಬಸುರಿ ಹಾವುಗಳನ್ನೂ ಮೊಟ್ಟೆಗಳನ್ನೂ ತಂದು, ಮರಿ ಮಾಡಿಸಿ, ಅಗ್ಗದ ದರದಲ್ಲಿ ಹೊರದೇಶಗಳಿಗೆ ಕಳುಹಿಸುವ ವ್ಯವಸ್ಥೆ ಬೆಳೆಯಿತು. ಅದರ ಬೆನ್ನಿಗೇ ವಿಚಿತ್ರ ಬಣ್ಣ ಮತ್ತು ಚಿತ್ತಾರಗಳ ತಳಿಗಳನ್ನು ಸೃಷ್ಟಿಸುವ ಉದ್ಯಮ ಬಂತು. ಆ ತಳಿಗಳಲ್ಲಿ ಒಂದಾದ ‘ಸ್ಪೈಡರ್’ ಎಂಬುದರಲ್ಲಿ ಬಣ್ಣವನ್ನು ಕೊಡುವ ಅದೇ ಆನುವಂಶಿಕ ಬದಲಾವಣೆ ಒಳಗಿವಿಯ ರಚನೆಯನ್ನೂ ಕೆಡಿಸುವುದರಿಂದ, ಹಾವಿನ ತಲೆ ಓರೆಯಾಗಿ ನಡುಗುತ್ತದೆ, ಕೆಲವೊಮ್ಮೆ ಅದು ಬೇಟೆಯ ಕಡೆಗೆ ಗುರಿಯಿಟ್ಟು ಎರಗಲೂ ಆರದು. ಇಂಥ ತಳಿಯನ್ನು ಅದರ ಚಂದಕ್ಕಾಗಿ ಮತ್ತೆ ಮತ್ತೆ ಹುಟ್ಟಿಸುವುದನ್ನು ಯಾವ ಸೌಂದರ್ಯದೃಷ್ಟಿಯಿಂದಲೂ ಸಮರ್ಥಿಸಲಾಗದು. ಆಯುಷ್ಯದ ವಿಷಯವೂ ಇಲ್ಲಿ ಮುಖ್ಯ: ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಖಾಸಗಿ ವ್ಯಕ್ತಿಯೊಬ್ಬರಿಂದ ಬಂದ ಹೆಣ್ಣು ಬಾಲ್ ಪೈಥಾನ್ ಒಂದು 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟಿತು. ಸಾಕುವವನ ಯೌವನ, ಮದುವೆ, ಊರು ಬದಲಾವಣೆ, ಮುಪ್ಪು ಎಲ್ಲವನ್ನೂ ದಾಟಿ ಉಳಿಯಬಲ್ಲ ಪ್ರಾಣಿಯನ್ನು ಮಕ್ಕಳ ಮೊದಲ ಸಾಕುಪ್ರಾಣಿಯೆಂದು ಮಾರುವುದು ವಿವೇಕದ ಕೆಲಸವಲ್ಲ.

ಇದಕ್ಕೆ ಎದುರಾಗಿ ಈಶಾನ್ಯ ಆಸ್ಟ್ರೇಲಿಯಾದ ಸ್ಪಾಟೆಡ್ ಪೈಥಾನ್ ಎಂಬ ಚುಕ್ಕೆಯ ಹೆಬ್ಬಾವನ್ನು ಇಟ್ಟು ನೋಡಬಹುದು. ಸುಮಾರು ಒಂದು ಮೀಟರ್ ಉದ್ದಕ್ಕೆ ಬೆಳೆದು ನಿಲ್ಲುವ, ಕಾಡಿನಲ್ಲಿ ಗುಹೆಯ ಬಾಯಲ್ಲಿ ಕಾದು ಹಾರಾಡುವ ಬಾವಲಿಗಳನ್ನು ಹಿಡಿಯಬಲ್ಲ ಈ ಚುರುಕಿನ ಹಾವು, ಸೆರೆಯಲ್ಲಿ ಇಲಿಯನ್ನು ಆಸೆಯಿಂದ ತಿನ್ನುತ್ತದೆ, ತೇವಾಂಶದ ಏರಿಳಿತವನ್ನು ತಾಳಿಕೊಳ್ಳುತ್ತದೆ, ಸಣ್ಣ ಮನೆಯಲ್ಲಿಯೂ ಅದಕ್ಕೆ ಬೇಕಾದಷ್ಟು ಜಾಗ ಒದಗಿಸಬಹುದು. ಹಾಗಿದ್ದೂ ಅದು ಅಪರೂಪವಾಗಿಯೇ ಉಳಿದಿರುವುದಕ್ಕೆ ಕಾರಣ ಅದನ್ನು ಸಾಕುವ ಕಷ್ಟವಲ್ಲ. ಆಸ್ಟ್ರೇಲಿಯಾ ತನ್ನ ಜೀವಂತ ಸರೀಸೃಪಗಳನ್ನು ವ್ಯಾಪಾರಕ್ಕಾಗಿ ಹೊರಗೆ ಕಳುಹಿಸಲು ಬಿಡುವುದಿಲ್ಲವಾದ್ದರಿಂದ, ಹೊರದೇಶಗಳಲ್ಲಿರುವ ಹಾವುಗಳು ಹಿಂದೆಂದೋ ಹೊರಬಿದ್ದ ಕೆಲವೇ ಹಾವುಗಳ ಸಂತತಿ. ಜೊತೆಗೆ ಅದರ ಕಂದು ಬಣ್ಣದಿಂದ ಬಗೆಬಗೆಯ ತಳಿಗಳನ್ನು ತೆಗೆದು ಹೆಚ್ಚು ಬೆಲೆಗೆ ಮಾರುವ ಅವಕಾಶ ತಳಿಗಾರರಿಗೆ ಕಡಿಮೆ. ಸಹಾರದ ದಕ್ಷಿಣಕ್ಕಿರುವ ಆಫ್ರಿಕದಲ್ಲಿ ಇಲಿಗಳ ಬೆನ್ನುಹತ್ತಿ ಮನೆಗಳೊಳಕ್ಕೇ ಬರುವ ಹೌಸ್ ಸ್ನೇಕ್ ಕೂಡ ಇದೇ ಬಗೆಯ ಅವಗಣನೆಗೆ ಒಳಗಾದ ಹಾವು. ಹಾವುಗಳ ಮಾರುಕಟ್ಟೆಯಲ್ಲಿ ಸಾಮಾನ್ಯವಾದದ್ದು ಸುಲಭವೆಂದೂ ಅಪರೂಪವಾದದ್ದು ಕಠಿಣವೆಂದೂ ಭಾವಿಸುವ ವಾಡಿಕೆ ಇವೆರಡರ ಮುಂದೆ ನಿಲ್ಲುವುದಿಲ್ಲ.

ಕೀನ್ಯಾದ ಸ್ಯಾಂಡ್ ಬೋವಾ ಮತ್ತು ಕ್ಯಾಲಿಫೋರ್ನಿಯಾ, ಅರಿಜೋನಾ, ಬಾಹಾ ಕ್ಯಾಲಿಫೋರ್ನಿಯಾಗಳ ರೋಸಿ ಬೋವಾ ಇನ್ನೊಂದು ಬಗೆಯವು. ಇವೆರಡೂ ಒಣನಾಡಿನ ಗಿಡ್ಡ ಹಾವುಗಳು, ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವವು, ಮೆಲ್ಲಗೆ ಚಲಿಸುವವು. ಸ್ಯಾಂಡ್ ಬೋವಾ ದಿನದ ಹೆಚ್ಚು ಹೊತ್ತು ಮರಳಿನೊಳಗೆ ಹೂತುಕೊಂಡೇ ಇರುತ್ತದೆ. ಕಣ್ಣು ಮತ್ತು ಮೂತಿ ಮಾತ್ರ ಮೇಲೆ ಕಾಣುತ್ತವೆ. ಹಾವು ಕಾಣಿಸುವುದೇ ಇಲ್ಲ ಎಂಬುದನ್ನು ಇದರ ದೊಡ್ಡ ಕೊರತೆಯೆಂದು ಕೈಪಿಡಿಗಳು ಬರೆಯುತ್ತವೆ. ಆದರೆ ತನ್ನ ಸಹಜ ನಡವಳಿಕೆಯನ್ನು ಸೆರೆಯಲ್ಲಿಯೂ ಹೆಚ್ಚುಕಡಿಮೆ ಪೂರ್ತಿಯಾಗಿ ನಡೆಸಬಲ್ಲ ಹಾವುಗಳು ತೀರ ಕಡಿಮೆ ಇರುವಾಗ, ಒಂದಷ್ಟು ಆಳದ ಸಡಿಲ ಮಣ್ಣು ಮತ್ತು ಒಂದು ಬದಿಯ ಬಿಸಿ ಸಿಕ್ಕರೆ ಬಿಲದ ಬದುಕನ್ನು ಬಾಳಬಲ್ಲ ಈ ಹಾವು, ಪ್ರಾಣಿಯ ದೃಷ್ಟಿಯಿಂದ ನೋಡಿದರೆ, ಅತ್ಯುತ್ತಮ ಆಯ್ಕೆಗಳಲ್ಲಿ ಒಂದು. ನೋಟಕ್ಕೆ ಒದಗದಿರುವುದು ನೋಡುಗನ ಕೊರತೆಯೇ ಹೊರತು ಹಾವಿನದಲ್ಲ. ರೋಸಿ ಬೋವಾದ ವಿಷಯದಲ್ಲಿ ಎಚ್ಚರ ಬೇಕಾದದ್ದು ತೇವದ ಬಗ್ಗೆ ಮಾತ್ರ: ಒದ್ದೆ ಹಾಸು ಮತ್ತು ಗಾಳಿಯಾಡದ ಪೆಟ್ಟಿಗೆ ಅದಕ್ಕೆ ಶ್ವಾಸದ ಸೋಂಕನ್ನು ತರುತ್ತವೆ.

ತೇವದ ಇನ್ನೊಂದು ತುದಿಯಲ್ಲಿರುವುದು ಬ್ರೆಜಿಲಿಯನ್ ರೇನ್‌ಬೋ ಬೋವಾ. ಇದರ ಹುರುಪೆಗಳ ಮೇಲಿರುವ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಏಣುಗಳು ಬೆಳಕನ್ನು ಒಡೆದು ಚದುರಿಸುವುದರಿಂದ ಕಿತ್ತಳೆ ಮೈಮೇಲೆ ನೀಲಿ, ಹಸಿರು, ನೇರಳೆ ಹೊಳಪು ಹರಿದಾಡುತ್ತದೆ. ಎರಡನೆಯ ಹಾವನ್ನು ಹುಡುಕುತ್ತ ಹೊರಟವರು ಇದರ ಮುಂದೆ ನಿಂತು ಮನಸೋಲುವುದು ಸಹಜವೇ. ಆದರೆ ಅಮೆಜಾನ್ ಜಲಾನಯನ ಪ್ರದೇಶದ ಈ ಹಾವಿನ, ಅದರಲ್ಲೂ ಅದರ ಮರಿಗಳ ಮೈ, ಒಣಗಾಳಿಯಲ್ಲಿ ಬಲುಬೇಗ ನೀರು ಕಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಹೀಟರ್ ಉರಿಯುವ ಮನೆಯ ಗಾಳಿ ಮರುಭೂಮಿಯಷ್ಟು ಒಣಗಿರುವ ಕೆನಡಾದಲ್ಲೋ ಉತ್ತರ ಜರ್ಮನಿಯಲ್ಲೋ, ಪೆಟ್ಟಿಗೆಯೊಳಗೆ ಬೂಸ್ಟು ಕಟ್ಟದಂತೆ, ಆದರೆ ತೇವವೂ ಆರದಂತೆ ವರ್ಷಪೂರ್ತಿ ಕಾಯ್ದುಕೊಳ್ಳುವುದು ದಿನನಿತ್ಯದ ಶಿಸ್ತನ್ನು ಬೇಡುತ್ತದೆ. ಹಾವು ತನ್ನ ಮೈಯ ಬಿಸಿಯನ್ನು ತಾನೇ ಉಂಟುಮಾಡಿಕೊಳ್ಳಲಾರದ ಜೀವಿಯಾದ್ದರಿಂದ, ಪೆಟ್ಟಿಗೆಯ ಒಂದು ತುದಿ ಬೆಚ್ಚಗೂ ಇನ್ನೊಂದು ತುದಿ ತಂಪಾಗಿಯೂ ಇದ್ದು, ನಡುವೆ ಅದು ತನಗೆ ಬೇಕಾದಲ್ಲಿಗೆ ಸರಿಯುವಂತಿರಬೇಕು ಎಂಬ ಮೂಲ ನಿಯಮ ಎಲ್ಲ ಹಾವುಗಳಿಗೂ ಒಂದೇ. ಉಳಿದ ವಿವರಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳ ವಿಷಯದಲ್ಲಿಯೂ ಹೀಗೆಯೇ: ಆ ಕಿರಣ ಬೀರುವ ದೀಪದ ಕೆಳಗಿಟ್ಟ ಕಾರ್ನ್ ಸ್ನೇಕ್‌ಗಳ ರಕ್ತದಲ್ಲಿ ಡಿ ಜೀವಸತ್ತ್ವ ಏರಿದ್ದನ್ನು 2008ರ ಅಧ್ಯಯನವೊಂದು ತೋರಿಸಿದರೆ, ಬಾಲ್ ಪೈಥಾನ್‌ಗಳ ಮೇಲೆ ಅನಂತರ ನಡೆದ ಅಧ್ಯಯನದಲ್ಲಿ ಅಂಥ ಏರಿಕೆ ಕಾಣಲಿಲ್ಲ. ಒಂದು ಹಾವನ್ನು ಚೆನ್ನಾಗಿ ಸಾಕಿದ ಅನುಭವ ಇನ್ನೊಂದಕ್ಕೆ ತಾನಾಗಿಯೇ ಸಲ್ಲುತ್ತದೆ ಎಂಬ ನಂಬಿಕೆಯನ್ನೇ, ಹಾಗಾಗಿ ಹಂತಗಳ ಮೆಟ್ಟಿಲನ್ನೇ, ಇಂಥ ವ್ಯತ್ಯಾಸಗಳು ಅಲುಗಿಸುತ್ತವೆ.

ಆಹಾರದ ಪ್ರಶ್ನೆ ಇನ್ನೂ ಕಟ್ಟುನಿಟ್ಟಾದುದು. ಸಾಕುಹಾವಿನ ಲೋಕವೆಲ್ಲ ನಿಂತಿರುವುದು ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಮಾರುವ ಇಲಿಯ ಮೇಲೆ. ಇಲಿಯನ್ನು ಸಹಜವಾಗಿ ತಿನ್ನದ ಹಾವು ಎಷ್ಟೇ ಸೊಗಸಾಗಿದ್ದರೂ ಸೆರೆಯಲ್ಲಿ ಅದರ ಬದುಕು ಸಂಕಷ್ಟದ್ದೇ. ಉತ್ತರ ಅಮೆರಿಕದ ಗಾರ್ಟರ್ ಹಾವು ಹಗಲಲ್ಲಿ ಓಡಾಡುವ, ಲವಲವಿಕೆಯ, ನಿಜಕ್ಕೂ ಮೆಚ್ಚಬೇಕಾದ ಜೀವಿ. ಅದರ ಆಹಾರ ಮೀನು, ಎರೆಹುಳು, ಕಪ್ಪೆ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಗೋಲ್ಡ್‌ಫಿಶ್‌ನಂಥ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅದು ಬಿ1 ಜೀವಸತ್ತ್ವವನ್ನು ನಾಶಮಾಡುವುದರಿಂದ, ಅವನ್ನೇ ತಿಂದು ಬೆಳೆದ ಹಾವು ಕೊನೆಗೆ ನರಗಳ ಕಾಯಿಲೆಯಿಂದ ನವೆಯುತ್ತದೆ. ಮೀನನ್ನು ಆರಿಸಿ ಕೊಡುವುದನ್ನು ಅಥವಾ ಮರಿಯನ್ನು ಕ್ರಮೇಣ ಇಲಿಗೆ ಒಗ್ಗಿಸುವುದನ್ನು ಬಲ್ಲವನಿಗೆ ಮಾತ್ರ ಅದು ತಕ್ಕದ್ದು. ಆಫ್ರಿಕದ ಮೊಟ್ಟೆಹಾವಿನ ಕತೆ ಇದಕ್ಕಿಂತ ಕಠಿಣ. ಹಕ್ಕಿಯ ಮೊಟ್ಟೆಯನ್ನು ಇಡಿಯಾಗಿ ನುಂಗಿ, ಬೆನ್ನುಮೂಳೆಯಿಂದ ಗಂಟಲೊಳಕ್ಕೆ ಚಾಚಿದ ಮುಳ್ಳುಗಳಿಂದ ಅದನ್ನು ಒಡೆದು, ರಸವನ್ನು ಹೀರಿ, ಚಿಪ್ಪನ್ನು ಉಗುಳುವ ಅದರ ಅಂಗರಚನೆ ಅದ್ಭುತವಾದುದು. ಕಚ್ಚಲು ಹಲ್ಲೇ ಇಲ್ಲದಂತಿರುವ ಅದನ್ನು ನಿರುಪದ್ರವಿ ಎಂದು ಮಾರುತ್ತಾರೆ. ಅದರ ಮರಿಗೆ ಬೇಕಾದಷ್ಟು ಪುಟ್ಟ ಮೊಟ್ಟೆಗಳು ವಾರವಾರವೂ ಎಲ್ಲಿಂದ ಬರಬೇಕು ಎಂಬುದಕ್ಕೆ ಮಾತ್ರ ಮಾರುವವರಲ್ಲಿ ಉತ್ತರವಿರುವುದಿಲ್ಲ.

ಹಾವು ಎಲ್ಲಿಂದ ಬಂತು ಎಂಬ ಪ್ರಶ್ನೆ ಈ ಹವ್ಯಾಸದ ನೈತಿಕತೆಯ ತಿರುಳು. ನ್ಯೂಗಿನಿ ಮತ್ತು ಸುತ್ತಲಿನ ದ್ವೀಪಗಳ ಗ್ರೀನ್ ಟ್ರೀ ಪೈಥಾನ್, ಕೊಂಬೆಯ ಮೇಲೆ ಹಸಿರು ಸುರುಳಿಯಾಗಿ ಕುಳಿತಿರುವ ಅದರ ಚಿತ್ರದಿಂದಾಗಿ, ನುರಿತವರ ಹಂತದ ಹೆಗ್ಗುರುತೇ ಆಗಿಬಿಟ್ಟಿದೆ. ಇಂಡೊನೇಷ್ಯಾದ ತಳಿಸಾಕಣೆ ಕೇಂದ್ರಗಳಲ್ಲೇ ಹುಟ್ಟಿದವು ಎಂಬ ಕಾಗದಪತ್ರದೊಡನೆ ಈ ಹಾವುಗಳು ಬಹುಕಾಲ ರಫ್ತಾದವು. ಆದರೆ ಜೆಸ್ಸಿಕಾ ಲಯನ್ಸ್ ಮತ್ತು ಡ್ಯಾನಿಯಲ್ ನಾಟುಶ್ ಎಂಬ ಸಂಶೋಧಕರು ಆ ವ್ಯಾಪಾರದ ಜಾಡು ಹಿಡಿದು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಾಗೆ ರಫ್ತಾಗುತ್ತಿದ್ದ ಹಾವುಗಳಲ್ಲಿ ಕನಿಷ್ಠ ಶೇ. 80ರಷ್ಟು ಕಾಡಿನಿಂದಲೇ ಹಿಡಿದವು, ಮತ್ತು ಬಿಯಾಕ್‌ನಂಥ ದ್ವೀಪದಲ್ಲಿ ಅವುಗಳ ಸಂಖ್ಯೆ ಇದರಿಂದ ಕುಗ್ಗಿತ್ತು. ಹೀಗೆ ಬಂದ ಹಾವು ಹುಳುಗಳ ಬಾಧೆಯನ್ನೂ ಪ್ರಯಾಣದ ಆಘಾತವನ್ನೂ ಹೊತ್ತು ತರುವುದರಿಂದ ಕೊಂಡವನ ಕೈಯಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲವೆಂಬುದು ಒಂದು ಕಡೆಯಾದರೆ, ದೂರದ ಕಾಡೊಂದನ್ನು ಬರಿದುಮಾಡುವ ಸರಪಳಿಗೆ ಆ ಖರೀದಿಯೂ ಒಂದು ಕೊಂಡಿಯಾಗುತ್ತದೆ ಎಂಬುದು ಇನ್ನೂ ಗಂಭೀರ. ತಂದೆತಾಯಿ ಹಾವುಗಳನ್ನೂ ಮೊಟ್ಟೆಯೊಡೆದ ದಿನಾಂಕವನ್ನೂ ಆಹಾರ ತಿಂದ ದಾಖಲೆಯನ್ನೂ ತೋರಿಸಬಲ್ಲ ತಳಿಗಾರನಿಂದಲ್ಲದೆ ಇಂಥ ಹಾವನ್ನು ಕೊಳ್ಳಬಾರದು. ಸುಮಾರು ನಾಲ್ಕು ದಶಕ ಸರೀಸೃಪ ಸಾಕಣೆಯನ್ನೇ ನಿಷೇಧಿಸಿದ್ದ ನಾರ್ವೆ, 2017ರಲ್ಲಿ ಹತ್ತೊಂಬತ್ತು ಪ್ರಭೇದಗಳ ಪಟ್ಟಿ ಮಾಡಿ ಅವನ್ನು ಮಾತ್ರ ಸಾಕಲು ಅನುಮತಿ ಕೊಟ್ಟಿತು. ಯಾವುದನ್ನು ಸಾಕಬಾರದು ಎಂದು ಹೇಳುತ್ತ ಹೋಗುವ ಬದಲು ಯಾವುದನ್ನು ಸಾಕಬಹುದು ಎಂದು ಹೇಳುವ ಈ ಕ್ರಮ ಹವ್ಯಾಸಿಗಳಿಗೆ ಬಿಗಿಯೆನಿಸಿದರೂ ತತ್ತ್ವದಲ್ಲಿ ಸರಿಯಾದುದು.

ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗುನಾಡಿಗೆ ಸಾಕಣೆಯಿಂದ ಸೇರಿಕೊಂಡ ಬರ್ಮೀಸ್ ಹೆಬ್ಬಾವುಗಳಿಂದಾಗಿ ಅಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ. 99ರಷ್ಟು ಇಳಿದಿತ್ತೆಂದು 2012ರ ಅಧ್ಯಯನವೊಂದು ದಾಖಲಿಸಿದ್ದು, ಅದೇ ವರ್ಷ ಅಮೆರಿಕ ಆ ಹೆಬ್ಬಾವಿನ ಆಮದನ್ನು ನಿರ್ಬಂಧಿಸಿತು. ಆದರೆ ಇದರಿಂದ ದೊಡ್ಡ ಹಾವು ಮಾತ್ರ ಅಪಾಯಕಾರಿ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದಲ್ಲಿ, ಆ ದ್ವೀಪದಲ್ಲಲ್ಲದೆ ಬೇರೆಲ್ಲೂ ಸಹಜವಾಗಿ ಇಲ್ಲದ ದೈತ್ಯ ಹಲ್ಲಿಯನ್ನು, ಹರಡಿಕೊಂಡ ಕಡೆಯಲ್ಲೆಲ್ಲ ಶೇ. 90ಕ್ಕಿಂತ ಹೆಚ್ಚು ಕುಗ್ಗಿಸಿರುವುದು ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್, ಅಂದರೆ ಎಲ್ಲ ಕೈಪಿಡಿಗಳೂ ಹೊಸಬರಿಗೆ ಸೂಚಿಸುವ ಹಾವು.

ವಿಷದ ವಿಷಯಕ್ಕೆ ಬಂದರೆ, ಹಿಂದವಡೆಯ ಹಾವುಗಳ ಬಗ್ಗೆ ಈ ಹವ್ಯಾಸದಲ್ಲಿರುವ ಸಡಿಲ ಧೋರಣೆಯನ್ನು ಕಟುವಾಗಿಯೇ ಟೀಕಿಸಬೇಕಾಗುತ್ತದೆ. ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿರದೆ ಹಿಂಭಾಗದಲ್ಲಿರುವ ಇವು, ಹೆಚ್ಚು ಹೊತ್ತು ಕಚ್ಚಿ ಹಿಡಿದರೆ ಮಾತ್ರ ವಿಷ ಬಿಡಬಲ್ಲವಾದ್ದರಿಂದ ಹೆದರಬೇಕಿಲ್ಲ ಎಂಬ ಮಾತು ಪ್ರಚಾರದಲ್ಲಿದೆ. ಉತ್ತರ ಅಮೆರಿಕದ ವೆಸ್ಟರ್ನ್ ಹಾಗ್‌ನೋಸ್‌ನ ಮಟ್ಟಿಗೆ, ಊತಕ್ಕಿಂತ ಹೆಚ್ಚಿನದು ಸಾಮಾನ್ಯವಾಗಿ ಸಂಭವಿಸದ ಕಾರಣ, ಅದು ಒಪ್ಪತಕ್ಕ ಮಾತೇ. ಆದರೆ ಆಗ್ನೇಯ ಏಷ್ಯಾದ ಕೆಂಪುಕುತ್ತಿಗೆಯ ಕೀಲ್‌ಬ್ಯಾಕ್ ನಿರುಪದ್ರವಿಯೆಂದೇ ಮಾರಾಟವಾಗುತ್ತಿದ್ದು, ಸಾವಿನಂಚಿಗೆ ಒಯ್ದ ಕಡಿತಗಳು ಸಂಭವಿಸಿದ ಮೇಲಷ್ಟೇ ಅದರ ವಿಷದ ಶಕ್ತಿ ತಿಳಿದುಬಂತು. ಷಿಕಾಗೊದ ಹಾವುತಜ್ಞ ಕಾರ್ಲ್ ಷ್ಮಿಟ್ 1957ರಲ್ಲಿ ಗುರುತು ಹಚ್ಚಲು ತಂದಿದ್ದ ಮರಿ ಬೂಮ್‌ಸ್ಲ್ಯಾಂಗ್‌ನ ಕಡಿತದಿಂದ ಮರುದಿನವೇ ತೀರಿಕೊಂಡರು. ಫ್ರಾಂಕ್‌ಫರ್ಟಿನ ರಾಬರ್ಟ್ ಮೆರ್ಟೆನ್ಸ್ 1975ರಲ್ಲಿ ತಾವೇ ಸಾಕಿದ್ದ ಆಫ್ರಿಕದ ಬಳ್ಳಿಹಾವು ಕಚ್ಚಿ ತೀರಿಕೊಂಡರು. ಆ ಬಳ್ಳಿಹಾವಿನ ವಿಷಕ್ಕೆ ಪ್ರತಿವಿಷ ಇಂದಿಗೂ ಇಲ್ಲ. ಜಗತ್ತಿನ ಅತ್ಯಂತ ಬಲ್ಲವರಿಗೇ ಹೀಗಾದ ಮೇಲೆ, ಪ್ರತಿವಿಷವಿಲ್ಲದ ಹಾವನ್ನು ಅನುಭವ ಹೆಚ್ಚಿಸಿಕೊಳ್ಳುವ ಮುಂದಿನ ಹಂತವೆಂದು ಸೂಚಿಸುವ ಬರವಣಿಗೆಯನ್ನು ಬೇಜವಾಬ್ದಾರಿಯದ್ದೆಂದೇ ಕರೆಯಬೇಕು.

ಕರ್ನಾಟಕದ ಓದುಗನಿಗೆ ಈ ಚರ್ಚೆ ದೂರದ್ದೆನಿಸಬಹುದಾದರೂ ಅದರ ಒಂದು ಎಳೆ ಬೆಂಗಳೂರಿನ ಮೂಲಕವೇ ಹಾದುಹೋಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಸುಂಕಾಧಿಕಾರಿಗಳಿಗೆ ಸಿಕ್ಕಿದ್ದು ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಮತ್ತು ಸತ್ತುಹೋಗಿದ್ದ ಆರು ಕ್ಯಾಪುಚಿನ್ ಕೋತಿಗಳು. 2024ರ ಏಪ್ರಿಲಿನಲ್ಲಿ ಅಲ್ಲಿಯೇ ಹತ್ತು ಹಳದಿ ಅನಕೊಂಡಗಳು ಸಿಕ್ಕವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತನ್ನ ಪಟ್ಟಿಗಳಲ್ಲಿರುವ ದೇಶೀ ಹಾವುಗಳನ್ನು ಹಿಡಿಯುವುದನ್ನೂ ಮನೆಯಲ್ಲಿಟ್ಟುಕೊಳ್ಳುವುದನ್ನೂ ಅಪರಾಧವೆನ್ನುತ್ತದೆ. ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿರುವ ಹೊರನಾಡಿನ ಪ್ರಾಣಿಗಳನ್ನು ಇಟ್ಟುಕೊಂಡವರು ಅವನ್ನು ವರದಿ ಮಾಡಿ ನೋಂದಾಯಿಸಬೇಕೆಂಬ ನಿಯಮಗಳು 2024ರಲ್ಲಿ ಬಂದವು. ಎರಡು ತಲೆ ಹಾವು ಎಂದು ಕರೆಯಲಾಗುವ ನಮ್ಮ ಮಣ್ಣುಮುಕ್ಕ ಹಾವು, ಮೇಲೆ ಹೇಳಿದ ಕೀನ್ಯಾದ ಸ್ಯಾಂಡ್ ಬೋವಾದ ಹತ್ತಿರದ ಬಂಧು. ಅದೂ ಅಷ್ಟೇ ಸಾಧು, ಅಷ್ಟೇ ಮಣ್ಣಿನೊಳಗಿನ ಜೀವಿ. ಅದೃಷ್ಟ ತರುತ್ತದೆ, ಔಷಧಿಯಾಗುತ್ತದೆ ಎಂಬ ಆಧಾರವಿಲ್ಲದ ಮಾತುಗಳಿಂದಾಗಿ ಅದು ಹಳ್ಳಿಯ ಹೊಲಗಳಿಂದ ಕಳ್ಳಸಾಗಣೆಯಾಗುತ್ತಿದೆ. ಹೊಲದ ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಆ ಹಾವನ್ನು ಬಲ್ಲವರು ಅದನ್ನು ಅದರ ಹೊಲದಲ್ಲಿಯೇ ಬಿಟ್ಟು ನೋಡಬೇಕು. ಹೊರನಾಡಿನ ಹಾವನ್ನು ಇಲ್ಲಿ ಸಾಕಬಯಸುವವರಂತೂ ಪ್ರಭೇದದ ಆಯ್ಕೆಗೆ ಕೈಹಾಕುವ ಮೊದಲು, ಅದರ ಆಮದಿನ ಕಾಗದಪತ್ರ, ನೋಂದಣಿ ಮತ್ತು ಸರೀಸೃಪಗಳನ್ನು ನೋಡಬಲ್ಲ ಪಶುವೈದ್ಯರು ತಮ್ಮ ಊರಿನಲ್ಲಿದ್ದಾರೆಯೇ ಎಂಬುದನ್ನು ವಿಚಾರಿಸಬೇಕು.